ಆಲೆಮನೆ ಗಾಣದ ಶಾಫ್ಟ್ ಮುರಿದಿದೆ: ತಪ್ಪು ಯಾರದೆಂದು ಲ್ಯಾಬ್ ಹೇಳಬಲ್ಲದೇ?

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ಮೂರು ತಿಂಗಳ ಹಿಂದೆ ಮೂರು ರೋಲರ್‌ಗಳ ಹೊಸ ಗಾಣ ಹಾಕಿಸಿದೆವು. 10 ಎಚ್‌ಪಿ ಮೋಟಾರ್, ರೋಲರ್ ನಿಮಿಷಕ್ಕೆ 12 ಸುತ್ತು, ದಿನಕ್ಕೆ 16 ಗಂಟೆ ಓಟ. ಮೊನ್ನೆ ಮೇಲಿನ ರೋಲರ್‌ನ ಶಾಫ್ಟ್ ಗೇರ್ ಕಡೆಯ ಬೇರಿಂಗ್ ಪಕ್ಕದಲ್ಲಿ, 90 ಮಿ.ಮೀ. ದಪ್ಪ 75ಕ್ಕೆ ಇಳಿಯುವ ಮೆಟ್ಟಿಲಿನಲ್ಲಿ ಮುರಿಯಿತು. ಮುರಿದ ಮುಖದಲ್ಲಿ ಅರ್ಧದಷ್ಟು ನಯವಾಗಿ ಕಂದು ಬಣ್ಣಕ್ಕಿದೆ, ಉಳಿದರ್ಧ ಹರಳು ಹರಳಾಗಿ ಹೊಳೆಯುತ್ತಿದೆ. ಮಾಡಿಕೊಟ್ಟವರು ‘ಕಬ್ಬು ಅತಿಯಾಗಿ ತುರುಕಿದ್ದೀರಿ’ ಎನ್ನುತ್ತಾರೆ. ನಮ್ಮೂರ ವೆಲ್ಡರ್ ‘ಕಬ್ಬಿಣ ಹರಳುಗಟ್ಟಿದೆ, ಇದು ಇಎನ್ 8 ಎಂಬ ಶಾಫ್ಟ್ ಉಕ್ಕು ಅಲ್ಲವೇ ಅಲ್ಲ, ಸಾದಾ ಕಬ್ಬಿಣ’ ಎನ್ನುತ್ತಾನೆ. ಬೆಸೆದುಕೊಡುತ್ತೇನೆ ಎಂದೂ ಹೇಳುತ್ತಿದ್ದಾನೆ. ಲ್ಯಾಬ್‌ಗೆ ಕೊಟ್ಟರೆ ತಪ್ಪು ಯಾರದೆಂದು ತಿಳಿಯುತ್ತದೆಯೇ? ಯಾವ ಪರೀಕ್ಷೆ ಮಾಡಿಸಬೇಕು, ಎಲ್ಲಿ?

ಉತ್ತರ: ಮೊದಲು ವೆಲ್ಡರ್‌ಗೆ ಬೇಡ ಎನ್ನಿ. ಬೆಸೆದ ಶಾಫ್ಟ್ ಬಾಳುವುದಿಲ್ಲ ಎಂಬುದು ಹಾಗಿರಲಿ, ಅದಕ್ಕೆ ಆಮೇಲೆ ಬರೋಣ. ಬೆಸೆಯುವ ಮುಂಚೆ ಅವನು ಮುರಿದ ಮುಖಕ್ಕೆ ಗ್ರೈಂಡರ್ ಹಿಡಿಯುತ್ತಾನೆ. ಆ ಎರಡು ನಿಮಿಷದಲ್ಲಿ ನಿಮ್ಮ ಬಳಿ ಇರುವ ಒಂದೇ ಒಂದು ಸಾಕ್ಷಿ ಕಿಡಿಯಾಗಿ ಹಾರಿಹೋಗುತ್ತದೆ.

ಈಗಲೇ ಮಾಡಬೇಕಾದದ್ದು ಹೀಗೆ. ಮುರಿದ ಎರಡು ತುಂಡುಗಳನ್ನು ‘ಸರಿಯಾಗಿ ಕೂರುತ್ತದೆಯಾ ನೋಡೋಣ’ ಎಂದು ಒಂದಕ್ಕೊಂದು ಜೋಡಿಸಬೇಡಿ. ಎಲ್ಲರ ಕೈಯೂ ಮೊದಲು ಮಾಡುವ ಕೆಲಸ ಅದೇ, ಅತಿ ಹೆಚ್ಚು ಹಾಳು ಮಾಡುವುದೂ ಅದೇ: ಸೂಕ್ಷ್ಮದರ್ಶಕದಲ್ಲಿ ಓದಬೇಕಾದ ಗೆರೆಗಳು ಒಂದು ಸಲ ಉಜ್ಜಿದರೆ ಅಳಿಸಿಹೋಗುತ್ತವೆ. ವೈರ್ ಬ್ರಷ್, ಡೀಸೆಲ್, ನೀರು ಯಾವುದೂ ಬೇಡ. ಬೆರಳಿನಿಂದ ಮುಟ್ಟುವುದೂ ಬೇಡ, ಬೆವರಿನ ಉಪ್ಪು ಒಂದು ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಎರಡೂ ಮುಖಗಳ ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ, ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳಲಿ. ನೇರ ಫ್ಲಾಷ್ ಹಾಕಿದರೆ ಏರಿಳಿತವೆಲ್ಲ ಚಪ್ಪಟೆಯಾಗುತ್ತದೆ. ಬಳಿಕ ಒಂದು ತುಂಡಿನ ಮುಖಕ್ಕೆ ಶುದ್ಧ ತುಕ್ಕುನಿರೋಧಕ ಎಣ್ಣೆಯನ್ನು ತೆಳುವಾಗಿ ಬಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಇನ್ನೊಂದಕ್ಕೆ ಎಣ್ಣೆ ಮುಟ್ಟಿಸದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದನ್ನು ಒಣಗಾಗಿಯೇ ಇಡುವುದು ಏಕೆಂದರೆ, ಬಿರುಕಿನೊಳಗೆ ಕಬ್ಬಿನ ರಸ ಇಳಿದು ಒಣಗಿದ್ದರೆ ಬಿರುಕು ಎಷ್ಟು ಹಳೆಯದೆಂದು ಅದರ ಕಲೆಯೂ ಸೂಚಿಸುತ್ತದೆ.

ಇಡೀ ಶಾಫ್ಟ್ ಹೊತ್ತೊಯ್ಯುವ ಅಗತ್ಯವಿಲ್ಲ. 75 ಮಿ.ಮೀ. ಉಕ್ಕಿನ ಸರಳು ಮೀಟರಿಗೆ ಸುಮಾರು 35 ಕಿಲೋ ತೂಗುತ್ತದೆ. ಮುರಿದ ಜಾಗದಿಂದ ಆ ಕಡೆ ಈ ಕಡೆ 150 ಮಿ.ಮೀ. ಉಳಿಸಿಕೊಂಡರೆ ಸಾಕು. ಆದರೆ ಕತ್ತರಿಸುವುದಾದರೆ ಬ್ಯಾಂಡ್ ಸಾ ಅಥವಾ ಹ್ಯಾಕ್ಸಾದಲ್ಲಿ, ಕೂಲೆಂಟ್ ಮುಖದ ಮೇಲೆ ಹರಿಯದಂತೆ ಪ್ಲಾಸ್ಟಿಕ್ ಕಟ್ಟಿ ಕತ್ತರಿಸಿ. ಗ್ಯಾಸ್ ಕಟಿಂಗ್ ಬಿಟ್ಟು ಬೇರೆ ದಾರಿಯೇ ಇಲ್ಲವೆಂದಾದರೆ ಮುರಿದ ಮುಖದಿಂದ ಕನಿಷ್ಠ ಒಂದು ಗೇಣು ದೂರ ಇರಲಿ. ಕಾದ ಉಕ್ಕಿನ ಒಳರಚನೆಯೇ ಬದಲಾಗುತ್ತದೆ. ಶಾಫ್ಟ್ ಜೊತೆಗೆ, ಅದು ಕೂತು ತಿರುಗುವ ಆ ಬದಿಯ ಗನ್‌ಮೆಟಲ್ ಬುಷ್, ಗೇರನ್ನು ಶಾಫ್ಟಿಗೆ ಹಿಡಿಸುವ ಕೀ, ರೋಲರ್ ಬಿಗಿಸುವ ಬೋಲ್ಟ್ ಎಷ್ಟು ಸುತ್ತು ಒಳಗಿತ್ತು ಎಂಬ ಅಳತೆ ಇವನ್ನೂ ಎತ್ತಿಡಿ. ಬುಷ್ ಒಂದೇ ಬದಿಗೆ ಸವೆದಿದೆಯೋ ಸುತ್ತಲೂ ಸವೆದಿದೆಯೋ ಎನ್ನುವುದು ಮುಂದೆ ಬೇಕಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ, ಅದನ್ನು ಬಿಡಿಸೋಣ.

‘ಹರಳುಗಟ್ಟಿದೆ’ ಎನ್ನುವ ಮಾತು ನೂರೈವತ್ತು ವರ್ಷಕ್ಕೂ ಹಳೆಯದು. 19ನೇ ಶತಮಾನದಲ್ಲಿ ರೈಲಿನ ಆಕ್ಸೆಲ್‌ಗಳು ಮುರಿಯಲಾರಂಭಿಸಿದಾಗ ಎಂಜಿನಿಯರ್‌ಗಳೂ ಇದನ್ನೇ ನಂಬಿದ್ದರು: ಅಲುಗಾಡಿ ಅಲುಗಾಡಿ ಕಬ್ಬಿಣ ಹರಳಾಗುತ್ತದೆ ಎಂದು. ನಿಜವೆಂದರೆ ಉಕ್ಕು ಹುಟ್ಟಿನಿಂದಲೇ ಹರಳುಗಳ ರಾಶಿ. ಥಟ್ಟನೆ ಒಡೆದಾಗ ಆ ಹರಳುಗಳ ಸೀಳು ಮುಖಗಳು ಬೆಳಕಿಗೆ ಮಿನುಗುತ್ತವೆ, ಅಷ್ಟೇ. ಅಂದರೆ ನಿಮ್ಮ ಶಾಫ್ಟಿನ ಹೊಳೆಯುವ ಅರ್ಧ ಕೊನೆಯ ಕ್ಷಣದಲ್ಲಿ ಒಡೆದದ್ದು. ಅದರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಕಥೆ ಇರುವುದು ಮಾತ್ರ ನಯವಾದ ಕಂದು ಅರ್ಧದಲ್ಲಿ. ಆ ಭಾಗ ದಿನಗಳ, ವಾರಗಳ ಕಾಲ ಸ್ವಲ್ಪ ಸ್ವಲ್ಪವೇ ಬಿರಿಯುತ್ತ ಬಂದದ್ದು. ಬಿರುಕಿನ ಎರಡು ಮುಖಗಳು ಒಂದಕ್ಕೊಂದು ತಿಕ್ಕಿ ನಯವಾದವು, ರಸ ಮತ್ತು ತೇವ ಇಳಿದು ಕಂದಾದವು. ಇದನ್ನು ಫೆಟೀಗ್ ಎನ್ನುತ್ತಾರೆ, ಲೋಹದ ದಣಿವು. ಒಂದೇ ಸಲಕ್ಕೆ ಮುರಿಯಲಾರದ ಹೊರೆ ಲಕ್ಷಾಂತರ ಸಲ ಬಿದ್ದು ಮುರಿಯುವುದು.

ಲಕ್ಷಾಂತರ ಎಂಬುದು ಬಾಯಿಮಾತಲ್ಲ. ನಿಮಿಷಕ್ಕೆ 12 ಸುತ್ತು, ಗಂಟೆಗೆ 720, ದಿನಕ್ಕೆ 16 ಗಂಟೆಯಂತೆ 11,520, ತೊಂಬತ್ತು ದಿನಕ್ಕೆ 10 ಲಕ್ಷದ 36 ಸಾವಿರ ಸುತ್ತು. ಬೇರಿಂಗ್ ಮೇಲೆ ಕೂತು ತಿರುಗುವ ಶಾಫ್ಟ್ ಪ್ರತಿ ಸುತ್ತಿಗೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ: ಈಗ ಮೇಲಿರುವ ಮೈ ಎಳೆತದಲ್ಲಿದ್ದರೆ ಅರ್ಧ ಸುತ್ತಿಗೆ ಒತ್ತಡಕ್ಕೆ ಬರುತ್ತದೆ. ಉಕ್ಕಿನ ಫೆಟೀಗ್ ಪರೀಕ್ಷೆಯಲ್ಲಿ 10 ಲಕ್ಷದಿಂದ ಒಂದು ಕೋಟಿ ಸುತ್ತಿನ ನಡುವೆಯೇ ಬಾಳಿಕೆಯ ಮಿತಿ ತೀರ್ಮಾನವಾಗುವುದು. ವಿನ್ಯಾಸ ಸರಿ ಇಲ್ಲದ ಶಾಫ್ಟ್ ಮೂರು ತಿಂಗಳಿಗೆ ಕೈಕೊಡುವುದು ಆಕಸ್ಮಿಕವಲ್ಲ.

ಮಾಡಿಕೊಟ್ಟವರ ವಾದವನ್ನೂ ಲೆಕ್ಕಕ್ಕೆ ಹಾಕೋಣ. 10 ಎಚ್‌ಪಿ ಎಂದರೆ 7.46 ಕಿಲೋವ್ಯಾಟ್. ಗೇರ್, ಬೆಲ್ಟ್‌ಗಳಲ್ಲಿ ಆಗುವ ನಷ್ಟವನ್ನೂ ಬಿಟ್ಟು ಪೂರ್ತಿ ಶಕ್ತಿ 12 ಸುತ್ತಿನ ರೋಲರ್‌ಗೆ ಬಂತೆಂದುಕೊಂಡರೆ ತಿರುಚು ಬಲ ಸುಮಾರು 5,940 ನ್ಯೂಟನ್ ಮೀಟರ್. 75 ಮಿ.ಮೀ. ಶಾಫ್ಟಿನ ಹೊರಮೈಯಲ್ಲಿ ಅದು ಹುಟ್ಟಿಸುವ ತಿರುಚು ಒತ್ತಡ ಸುಮಾರು 72 ಮೆಗಾಪಾಸ್ಕಲ್. ಗಾಣ ಸಿಕ್ಕಿಕೊಂಡು ಮೋಟಾರ್ ತನ್ನ ಗರಿಷ್ಠ ಬಲವನ್ನು, ಅಂದರೆ ಎರಡೂವರೆ ಪಟ್ಟು, ಹಾಕಿತೆಂದರೂ 180ರ ಆಸುಪಾಸು. ಅಷ್ಟಕ್ಕೆ ಇಎನ್ 8 ತಿರುಚಿಕೊಳ್ಳಲು ಶುರುಮಾಡಬಹುದು, ತುಂಡಾಗುವುದಿಲ್ಲ. ಅದಕ್ಕೂ ಮೊದಲು ಬೆಲ್ಟ್ ಜಾರಬೇಕು. ಫ್ಲೈವೀಲ್‌ನ ಜೋರು ಸೇರಿದ ಆಘಾತ ಇನ್ನೂ ಹೆಚ್ಚಿರಬಹುದು, ಆದರೆ ಅಂಥ ಏಟಿಗೆ ಸಾಮಾನ್ಯವಾಗಿ ಗೇರ್ ಹಲ್ಲು ಅಥವಾ ಕೀ ಮೊದಲು ಹೋಗುತ್ತದೆ. ಹಾಗಾಗಿ ‘ಒಂದು ದಿನ ಜಾಸ್ತಿ ಕಬ್ಬು ತುರುಕಿದಿರಿ, ಮುರಿಯಿತು’ ಎಂಬ ವಾದ ನಿಲ್ಲುವುದಿಲ್ಲ. ತಿರುಚಿ ಮುರಿದಿದ್ದರೆ ಗುರುತೂ ಬೇರೆ ಇರುತ್ತಿತ್ತು: ಮೆದು ಉಕ್ಕಾದರೆ ಅಡ್ಡಲಾಗಿ ಸಪಾಟಾಗಿ, ಸುಳಿ ಸುಳಿಯಾಗಿ ಕತ್ತರಿಸಿದಂತೆ, ಕೀ ಕೂರುವ ತೋಡು, ಅಂದರೆ ಕೀವೇ, ನೇರವಾಗಿರದೆ ತಿರುಚಿಕೊಂಡು, ಪೆಡಸು ಉಕ್ಕಾದರೆ ಸೀಮೆಸುಣ್ಣವನ್ನು ತಿರುಚಿ ಮುರಿದಾಗ ಬರುವ ಹಾಗೆ 45 ಡಿಗ್ರಿ ಓರೆಯ ಸುರುಳಿ.

ಆದರೆ ಇಲ್ಲಿಗೆ ನೀವು ಗೆದ್ದಿರಿ ಎಂದುಕೊಳ್ಳಬೇಡಿ. ಕೊನೆಯಲ್ಲಿ ಥಟ್ಟನೆ ಮುರಿದ ಭಾಗ ಎಷ್ಟು ದೊಡ್ಡದೋ ಶಾಫ್ಟಿನ ಮೇಲೆ ಆಗ ಇದ್ದ ಹೊರೆ ಅಷ್ಟು ಹೆಚ್ಚು. ಹೊರೆ ತೀರಾ ಕಡಿಮೆ ಇದ್ದ ಶಾಫ್ಟ್‌ಗಳಲ್ಲಿ ಬಿರುಕು ಮುಕ್ಕಾಲು ಪಾಲಿಗೂ ಮೀರಿ ತಿಂದುಹಾಕಿ, ಕೊನೆಗೆ ನಾಣ್ಯದಷ್ಟಗಲ ಜಾಗ ಮಾತ್ರ ಒಡೆದಿರುತ್ತದೆ. ನಿಮ್ಮದು ಅರ್ಧಕ್ಕೇ ಸೋತಿದೆ. ಅಂದರೆ ಬಾಗುವ ಹೊರೆ ಸಣ್ಣದೇನೂ ಇರಲಿಲ್ಲ. ರಸ ಜಾಸ್ತಿ ಬರಲಿ, ಸಿಪ್ಪೆ ಒಣಗಿ ಬರಲಿ ಎಂದು ಬೋಲ್ಟ್ ಬಿಗಿಸುವ ಅಭ್ಯಾಸ ಮಂಡ್ಯ ಸೀಮೆಯ ಹಲವು ಆಲೆಮನೆಗಳಲ್ಲಿ ಉಂಟು. ರೋಲರ್‌ಗಳ ನಡುವೆ ಜಾಗ ಕಡಿಮೆಯಾದಷ್ಟೂ ಅವು ಒಂದನ್ನೊಂದು ದೂಡುವ ಬಲ ಏರುತ್ತದೆ, ಅದೇ ಶಾಫ್ಟನ್ನು ಬಗ್ಗಿಸುವುದು. ಕಬ್ಬು ತುರುಕುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಇದು ಪ್ರತಿ ಸುತ್ತಿಗೂ ಬೀಳುವ ಹೊರೆ. ಮಾಡಿಕೊಟ್ಟವರು ಈ ವಾದ ಎತ್ತಿದರೆ ಅದರಲ್ಲಿ ಹುರುಳಿದೆ. ಹಾಗಾಗಿಯೇ ಬೋಲ್ಟ್ ಅಳತೆಯನ್ನು ಪ್ರಾಮಾಣಿಕವಾಗಿ ಬರೆದಿಡಿ ಎಂದದ್ದು.

ಲ್ಯಾಬ್‌ನಲ್ಲಿ ಏನಾಗುತ್ತದೆ, ಯಾವ ಕ್ರಮದಲ್ಲಿ ಎಂಬುದು ಪರೀಕ್ಷೆಯ ಪಟ್ಟಿಗಿಂತ ಮುಖ್ಯ. ತುಂಡನ್ನು ಕೆಡಿಸದ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ಕತ್ತರಿ ಬೀಳಬೇಕು.

ಮೊದಲನೆಯದು ಬರಿಗಣ್ಣು, ಆಮೇಲೆ 10ರಿಂದ 50 ಪಟ್ಟಿನ ಸ್ಟೀರಿಯೊ ಸೂಕ್ಷ್ಮದರ್ಶಕ. ಅನುಭವಿ ಕಣ್ಣಿಗೆ ಮುಕ್ಕಾಲು ತೀರ್ಪು ಇಲ್ಲೇ ಸಿಗುತ್ತದೆ. ಕೆಆರ್‌ಎಸ್ ಹಿನ್ನೀರು ಇಳಿಯುವಾಗ ದಡದ ಮಣ್ಣಿನಲ್ಲಿ ಒಂದರ ಕೆಳಗೊಂದು ಗೆರೆ ಉಳಿಯುತ್ತದಲ್ಲ, ಹಾಗೆಯೇ ನಯವಾದ ಭಾಗದ ಮೇಲೆ ಬಾಗಿದ ಗೆರೆಗಳಿರುತ್ತವೆ. ಬೀಚ್ ಮಾರ್ಕ್ ಎನ್ನುತ್ತಾರೆ. ಬಿರುಕು ನಿಂತು ನಿಂತು ಮುಂದೆ ಸರಿದ ಗುರುತು ಅವು. ರಾತ್ರಿ ಗಾಣ ನಿಲ್ಲಿಸಿ ಬೆಳಿಗ್ಗೆ ಶುರು ಮಾಡುವ ಆಲೆಮನೆಯಲ್ಲಿ ಇವು ಚೆನ್ನಾಗಿ ಮೂಡುತ್ತವೆ. ಗೆರೆಗಳ ಬಾಗು ಯಾವ ಬಿಂದುವಿನ ಸುತ್ತ ಇದೆಯೋ ಬಿರುಕು ಹುಟ್ಟಿದ್ದು ಅಲ್ಲಿ. ಅಂಚಿನಲ್ಲಿ ಒಂದೇ ಹುಟ್ಟುಜಾಗ ಇದ್ದರೆ ಅಲ್ಲೊಂದು ದೋಷ ಹುಡುಕಬೇಕು: ಟೂಲ್ ಗೀರು, ವೆಲ್ಡ್ ಚುಕ್ಕೆ, ಕೀವೇ ಮೂಲೆ, ಉಕ್ಕಿನೊಳಗಿನ ಕಸ. ಸುತ್ತಲೂ ಹಲವು ಕಡೆ ಹುಟ್ಟಿದ್ದರೆ ಅಂಚಿನಲ್ಲಿ ಗರಗಸದ ಹಲ್ಲಿನಂಥ ಸಣ್ಣ ಮೆಟ್ಟಿಲುಗಳು ಕಾಣುತ್ತವೆ. ಅದು ಮೂಲೆಯೇ ಚೂಪಾಗಿತ್ತು ಅಥವಾ ಹೊರೆ ಅತಿಯಾಗಿತ್ತು ಎಂಬ ಸೂಚನೆ. ಒಡೆದ ಹರಳು ಭಾಗ ನಟ್ಟನಡುವೆ ಇದೆಯೋ ಒಂದು ಬದಿಗೆ ಸರಿದಿದೆಯೋ ಎನ್ನುವುದನ್ನೂ ನೋಡುತ್ತಾರೆ. ಶಾಫ್ಟ್ ತಿರುಗುತ್ತ ಸುತ್ತಲೂ ಬಾಗಿದ್ದರೆ ಬಿರುಕು ಎಲ್ಲ ಕಡೆಯಿಂದ ಒಳಗೆ ಬಂದು ಕೊನೆಯ ಒಡಕು ಒಳಭಾಗಕ್ಕೆ ತಳ್ಳಿಸಿಕೊಳ್ಳುತ್ತದೆ.

ಇದೇ ಹಂತದಲ್ಲಿ ರೇಡಿಯಸ್ ಗೇಜ್ ಹಿಡಿದು ಮೆಟ್ಟಿಲಿನ ಮೂಲೆಯ ಗುಂಡನ್ನು, ಅಂದರೆ ಒಳಮೂಲೆ ಎಷ್ಟು ದುಂಡಗಿದೆ ಎಂಬುದನ್ನು, ಅಳೆಯಲು ಕೇಳಿ. ನಿಮ್ಮ ವಿವರಣೆ ಓದಿದಾಗ ನನ್ನ ಅನುಮಾನ ಮೊದಲು ಹೋಗುವುದು ಇಲ್ಲಿಗೇ. 90ರಿಂದ 75ಕ್ಕೆ ಇಳಿಯುವ ಜಾಗದಲ್ಲಿ 5 ಮಿ.ಮೀ. ಗುಂಡು ಬಿಟ್ಟಿದ್ದರೆ ಬಾಗಿನ ಒತ್ತಡ ಆ ಮೂಲೆಯಲ್ಲಿ ಸುಮಾರು 1.7 ಪಟ್ಟು ಏರುತ್ತದೆ. ಅದೇ ಅರ್ಧ ಮಿ.ಮೀ. ಇದ್ದರೆ, ಅಂದರೆ ಲೇತ್ ಟೂಲ್ ತುದಿ ಎಷ್ಟು ಗುಂಡಗಿತ್ತೋ ಅಷ್ಟೇ ಬಿಟ್ಟಿದ್ದರೆ, ಎರಡೂವರೆ ಪಟ್ಟಿಗೂ ಮೇಲೆ. ಲೇತ್ ಮೇಸ್ತ್ರಿ ಮೂಲೆಯನ್ನು ಚೂಪಾಗಿ ತೆಗೆಯುವುದು ಸೋಮಾರಿತನದಿಂದಲ್ಲ. ಬುಷ್ಷಿನ ಅಂಚು ಮೆಟ್ಟಿಲಿಗೆ ಅಂಟಿ ಕೂರಲಿ ಎಂಬ ಅಚ್ಚುಕಟ್ಟುತನದಿಂದ. ನೋಡಲು ಚಂದ, ಬಾಳಿಕೆಗೆ ಶತ್ರು.

ಆಮೇಲೆ ಗಡಸುತನ. ಗಟ್ಟಿ ಗುಂಡೊಂದನ್ನು ಒತ್ತಿ ಗುಳಿ ಅಳೆಯುವ ಬ್ರಿನೆಲ್ ಪರೀಕ್ಷೆ ಅಗ್ಗ, ಐದು ನಿಮಿಷದ ಕೆಲಸ. ನಾರ್ಮಲೈಸ್ ಮಾಡಿದ, ಅಂದರೆ ಕಾಯಿಸಿ ಗಾಳಿಯಲ್ಲಿ ಆರಿಸಿದ, ಇಎನ್ 8 ಸಾಮಾನ್ಯವಾಗಿ 152ರಿಂದ 207 ಬ್ರಿನೆಲ್ ಇರಬೇಕು. ಬ್ರಿನೆಲ್ ಅಂಕಿಯನ್ನು 3.45ರಿಂದ ಗುಣಿಸಿದರೆ ಎಳೆತದ ಬಲ ಸುಮಾರಾಗಿ ಮೆಗಾಪಾಸ್ಕಲ್‌ನಲ್ಲಿ ಸಿಗುತ್ತದೆ: 180 ಬಂದರೆ 620.

ರಾಸಾಯನಿಕ ವಿಶ್ಲೇಷಣೆ ಜನ ಅತಿ ಹೆಚ್ಚು ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆ, ಒಂಟಿಯಾಗಿ ಅತಿ ಕಡಿಮೆ ಹೇಳುವ ಪರೀಕ್ಷೆ. ಹಾಗೆಂದು ಬಿಡುವಂತಿಲ್ಲ, ನಿಮ್ಮ ಬಿಲ್‌ನಲ್ಲಿ ಇಎನ್ 8 ಎಂದು ಬರೆದಿದ್ದರೆ ಅದು ಕರಾರು. ಇಎನ್ 8ರಲ್ಲಿ ಕಾರ್ಬನ್ 0.36ರಿಂದ 0.44 ಶೇಕಡಾ, ಮ್ಯಾಂಗನೀಸ್ 0.60ರಿಂದ 1.00. ಕಟ್ಟಡಕ್ಕೆ ಬಳಸುವ ಐಎಸ್ 2062ರ ಸಾದಾ ಉಕ್ಕಿನಲ್ಲಿ ಕಾರ್ಬನ್ 0.23 ದಾಟುವುದಿಲ್ಲ. ವ್ಯತ್ಯಾಸವೆಲ್ಲ ಕಾರ್ಬನ್‌ನದೇ. ಇಲ್ಲೊಂದು ಹಳ್ಳವಿದೆ, ಜಾಗ್ರತೆ: ಗುಜರಿ ವ್ಯಾಪಾರಿಗಳ ಕೈಯಲ್ಲಿರುವ, ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಗನ್ ಕಾರ್ಬನ್ ಅಳೆಯಲಾರದು. ಅದರಿಂದ ಸ್ಟೇನ್‌ಲೆಸ್ ಗುರುತಿಸಬಹುದು, ಇಎನ್ 8ಕ್ಕೂ ಸಾದಾ ಕಬ್ಬಿಣಕ್ಕೂ ಭೇದ ಹೇಳಲಾಗದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ, ಧಾತು ಗುರುತಿಸುವ ಇಡಿಎಸ್ ಉಪಕರಣ ಕೂಡ ಉಕ್ಕಿನ ಕಾರ್ಬನ್ ಪ್ರಮಾಣಕ್ಕೆ ನಂಬಿಕಸ್ತವಲ್ಲ. ವರದಿಯಲ್ಲಿ ಇಡಿಎಸ್ ಆಧಾರದ ಮೇಲೆ ‘ಕಾರ್ಬನ್ ಶೇಕಡಾ ಇಷ್ಟು’ ಎಂದಿದ್ದರೆ ಆ ಸಾಲನ್ನು ಪ್ರಶ್ನಿಸಿ. ಬೇಕಾದದ್ದು ಕಿಡಿ ಹೊಡೆಸಿ ಅದರ ಬೆಳಕಿನಿಂದ ಧಾತುಗಳನ್ನು ಅಳೆಯುವ ಸ್ಪಾರ್ಕ್ ಎಮಿಷನ್ ಸ್ಪೆಕ್ಟ್ರೋಮೀಟರ್. ಅದಕ್ಕೆ ಸಪಾಟಾಗಿ ಉಜ್ಜಿದ, ದಪ್ಪ ನಾಣ್ಯದಷ್ಟು ಅಗಲದ ತುಂಡು ಸಾಕು. ಒಂದೇ ಸ್ಪಾರ್ಕ್ ಅಲ್ಲ, ಕನಿಷ್ಠ ಮೂರು ಹೊಡೆದು ಸರಾಸರಿ ಕೊಡಲು ಹೇಳಿ. ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಕಿಡಿ ನೋಡುವ ವೆಲ್ಡರ್ ವಿದ್ಯೆ ಸುಳ್ಳಲ್ಲ, ಕಾರ್ಬನ್ ಹೆಚ್ಚಾದಂತೆ ಕಿಡಿ ಹೂವಿನಂತೆ ಕವಲೊಡೆಯುತ್ತದೆ. ಆದರೆ ಅದು ಕಾಗದದ ಮೇಲೆ ನಿಲ್ಲುವ ಪುರಾವೆಯಲ್ಲ.

ಒಂದು ವೇಳೆ ಅದು ನಿಜಕ್ಕೂ ಸಾದಾ ಉಕ್ಕೇ ಆಗಿದ್ದರೆ? ಕರಾರು ಮುರಿದದ್ದು ಖಚಿತ. ಶಾಫ್ಟ್ ಮುರಿದದ್ದಕ್ಕೆ ಅದೇ ಕಾರಣವೇ ಎನ್ನುವುದು ಇನ್ನೂ ಬೇರೆ ಪ್ರಶ್ನೆ. ಚೂಪು ಮೂಲೆ ಇದ್ದರೆ ಅಪ್ಪಟ ಇಎನ್ 8 ಕೂಡ ಸ್ವಲ್ಪ ತಡವಾಗಿ ಅಲ್ಲೇ ಮುರಿಯುತ್ತಿತ್ತು. ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯದ ವರದಿ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಮುಂದಿನದು ಒಳರಚನೆ. ಬಿರುಕು ಹುಟ್ಟಿದ ಜಾಗದ ಮೂಲಕ ಹಾದುಹೋಗುವಂತೆ ಉದ್ದಕ್ಕೆ ಕತ್ತರಿಸಿ, ರಾಳದಲ್ಲಿ ಕೂರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ಶೇಕಡಾ 2ರ ನೈಟಾಲ್‌ನಲ್ಲಿ, ಅಂದರೆ ಸ್ಪಿರಿಟ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ, ಕೆಲವು ಸೆಕೆಂಡು ಅದ್ದುತ್ತಾರೆ. 100 ಮತ್ತು 500 ಪಟ್ಟಿನಲ್ಲಿ ನೋಡಿದಾಗ ಹೆಚ್ಚುಕಡಿಮೆ ಬರೀ ಕಬ್ಬಿಣವಾದ ಬಿಳಿ ಫೆರೈಟ್, ಕಾರ್ಬನ್ ಸೇರಿದ ಕಪ್ಪು ಪರ್ಲೈಟ್ ಹೆಚ್ಚುಕಡಿಮೆ ಅರ್ಧರ್ಧ ಇದ್ದರೆ 0.4 ಕಾರ್ಬನ್‌ಗೆ ಸರಿ. ಕಪ್ಪು ಕಾಲು ಭಾಗವಷ್ಟೇ ಇದ್ದರೆ ಸಾದಾ ಉಕ್ಕು. ಅಂದರೆ ರಾಸಾಯನಿಕ ವರದಿಗೆ ಇದು ಎರಡನೇ ಸಾಕ್ಷಿ.

ಆದರೆ ಇಲ್ಲಿ ಹುಡುಕಬೇಕಾದ ದೊಡ್ಡ ಮೀನು ಬೇರೆ: ವೆಲ್ಡಿಂಗ್. ಹಳೆ ಗಾಣದ ಸವೆದ ಶಾಫ್ಟಿಗೆ ವೆಲ್ಡ್ ತುಂಬಿಸಿ, ಲೇತ್‌ನಲ್ಲಿ ತಿರುವಿ, ಹೊಸದರಂತೆ ಹೊಳಪು ಕೊಟ್ಟು ಹಾಕುವುದುಂಟು. ಲೇತ್‌ನಲ್ಲಿ ಅಳತೆ ತಪ್ಪಿದ ಹೊಸ ಶಾಫ್ಟಿಗೂ ಹೀಗೇ ತುಂಬುತ್ತಾರೆ. ಹೊರಗಣ್ಣಿಗೆ ಗೊತ್ತಾಗುವುದಿಲ್ಲ. ಅಡ್ಡ ಕತ್ತರಿಸಿದ ಮುಖಕ್ಕೆ ಸ್ವಲ್ಪ ಗಟ್ಟಿ ನೈಟಾಲ್ ಸವರಿದರೆ ಹೊರಗಿನ ವೆಲ್ಡ್ ಪದರ, ಅದರ ಕೆಳಗೆ ಕಾದು ಬದಲಾದ ಪಟ್ಟಿ, ಒಳಗಿನ ಮೂಲ ಉಕ್ಕು ಮೂರೂ ಈರುಳ್ಳಿ ಪದರದಂತೆ ಬೇರೆಯಾಗಿ ಕಾಣುತ್ತವೆ. ಆ ಕಾದ ಪಟ್ಟಿಯಲ್ಲಿ ಸಣ್ಣ ವಜ್ರದ ಮೊನೆ ಒತ್ತಿ ನೋಡುವ ಮೈಕ್ರೊ ವಿಕರ್ಸ್ ಗಡಸುತನ ಹೊರಗಿನಿಂದ ಒಳಕ್ಕೆ ಸಾಲಾಗಿ ಅಳೆಯಬೇಕು. 350 ವಿಕರ್ಸ್ ದಾಟಿದರೆ ಮುನ್ನ ಕಾಯಿಸದೆ ಬೆಸೆದಿದ್ದಾರೆ, ಉಕ್ಕು ಗಾಜಿನಂತಾಗಿದೆ ಎಂದರ್ಥ; ಒದ್ದೆ ಎಲೆಕ್ಟ್ರೋಡ್‌ನ ಹೈಡ್ರೋಜನ್ ಸೇರಿದರೆ ಅಲ್ಲಿ ಗಾಣ ಓಡುವ ಮುಂಚೆಯೇ ಕೂದಲೆಳೆ ಬಿರುಕು ಕೂತಿರುತ್ತದೆ. ಲ್ಯಾಬ್‌ಗೆ ಕೊಡುವ ಪತ್ರದಲ್ಲಿ ‘ವೆಲ್ಡ್ ಪದರ ಇದೆಯೇ ಪರೀಕ್ಷಿಸಿ’ ಎಂದು ಒಂದು ಸಾಲು ಬರೆಯಿರಿ. ಕೇಳದಿದ್ದರೆ ಅವರು ಶಾಫ್ಟಿನ ನಡುವಿನಿಂದ ತುಂಡು ತೆಗೆದು ‘ಇಎನ್ 8ಕ್ಕೆ ಅನುಗುಣವಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳಬಹುದು, ಅದು ಸುಳ್ಳೂ ಅಲ್ಲ.

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹೆಸರು ಕೇಳಿದರೆ ಎಲ್ಲರಿಗೂ ಅದೇ ಬೇಕು. ಫೆಟೀಗ್‌ನ ಸೂಕ್ಷ್ಮ ಗೆರೆಗಳನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸಬಲ್ಲ ಯಂತ್ರ, ನಿಜ. ಆದರೆ ನಿಮ್ಮಂಥ ಶಾಫ್ಟಿನಲ್ಲಿ ಮುಖಗಳು ವಾರಗಟ್ಟಲೆ ತಿಕ್ಕಿ, ತುಕ್ಕು ಹಿಡಿದು, ಆ ಗೆರೆಗಳು ಬಹುಪಾಲು ಅಳಿಸಿರುತ್ತವೆ. ಬೀಚ್ ಮಾರ್ಕ್ ಕಣ್ಣಿಗೇ ಕಾಣುತ್ತಿದ್ದರೆ ಆ ದುಡ್ಡನ್ನು ಗಡಸುತನದ ಸಾಲಿಗೆ ಹಾಕುವುದು ಮೇಲು. ಹುಟ್ಟುಜಾಗದಲ್ಲಿ ಏನೋ ಚುಕ್ಕೆ ಇದೆ, ಅದು ಉಕ್ಕಿನೊಳಗಿನ ಕಸವೋ ವೆಲ್ಡ್ ಸ್ಲ್ಯಾಗೋ ತುಕ್ಕಿನ ಗುಂಡಿಯೋ ಎಂದು ತಿಳಿಯಬೇಕಾದಾಗ ಮಾತ್ರ ಅದು ಬೇಕೇ ಬೇಕು. ಕಬ್ಬಿನ ರಸ ಆಮ್ಲೀಯ, ಪಿಎಚ್ ಐದರ ಆಸುಪಾಸು. ಬುಷ್ ಪಕ್ಕದಲ್ಲಿ ರಸ ನಿಂತು ತುಕ್ಕಿನ ಗುಂಡಿ ಬಿದ್ದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ತುಕ್ಕು ಮತ್ತು ಹೊರೆ ಒಟ್ಟಿಗೆ ಕೂತ ಜಾಗದಲ್ಲಿ ‘ಈ ಒತ್ತಡದ ಕೆಳಗೆ ಎಂದೂ ಮುರಿಯದು’ ಎಂಬ ಉಕ್ಕಿನ ಮಿತಿ ಅನ್ವಯಿಸುವುದೇ ಇಲ್ಲ.

ವರದಿ ಬಂದಾಗ ಕೊನೆಯ ಸಾಲು ‘ಶಾಫ್ಟ್ ಫೆಟೀಗ್‌ನಿಂದ ಮುರಿದಿದೆ’ ಎಂದಷ್ಟೇ ಇದ್ದರೆ ದುಡ್ಡು ಕೊಡುವ ಮುನ್ನ ವಾಪಸ್ ಕಳಿಸಿ. ಅದು ಶವಪರೀಕ್ಷೆಯಲ್ಲಿ ‘ಹೃದಯ ನಿಂತು ಸಾವು’ ಎಂದು ಬರೆದ ಹಾಗೆ. ಮುರಿದ ಬಗೆ ಹೇಳಿತೇ ಹೊರತು ಕಾರಣ ಹೇಳಲಿಲ್ಲ. ಹುಟ್ಟುಜಾಗ ಎಲ್ಲಿ, ಅಲ್ಲೇ ಏಕೆ ಹುಟ್ಟಿತು, ಮೂಲೆಯ ಗುಂಡು ಎಷ್ಟಿತ್ತು, ಉಕ್ಕು ಕರಾರಿನಂತಿದೆಯೇ, ಇಲ್ಲದಿದ್ದರೆ ಅದು ಮುರಿತಕ್ಕೆ ಕಾರಣವೇ, ಹೊರೆಯ ಬಗ್ಗೆ ಮುಖ ಏನು ಹೇಳುತ್ತದೆ: ಇಷ್ಟಕ್ಕೂ ಉತ್ತರವಿರಬೇಕು, ತುಂಡು ಯಾವ ಸ್ಥಿತಿಯಲ್ಲಿ ಕೈಸೇರಿತು ಎಂಬ ಫೋಟೊ ಇರಬೇಕು.

ಎಲ್ಲಿ ಎಂದರೆ, ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ನೀವು ನೇರ ಹೋಗುವಂತಿಲ್ಲ. ಅಲ್ಲಿಗೆ ಪೊಲೀಸರು, ನ್ಯಾಯಾಲಯ ಕಳಿಸಿದ ವಸ್ತುಗಳು ಹೋಗುತ್ತವೆ. ಗಾಣ ಮುರಿದಾಗ ಯಾರಿಗಾದರೂ ಪೆಟ್ಟಾಗಿ ಪ್ರಕರಣ ದಾಖಲಾಗಿದ್ದರೆ ಮಾತ್ರ ಆ ದಾರಿ, ಆಗ ನೀವು ಯಾವುದನ್ನೂ ಮುಟ್ಟಲೇಬಾರದು. ಗಡಸುತನ, ಒಳರಚನೆಯ ಮೊದಲ ನೋಟಕ್ಕೆ ಮಂಡ್ಯ, ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ವಿಚಾರಿಸಬಹುದು. ಜಗಳಕ್ಕೆ ಬಳಸುವ ವರದಿಯಾದರೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇರುವ ಲೋಹ ಪರೀಕ್ಷಾ ಲ್ಯಾಬ್ ಬೇಕು. ಬೆಂಗಳೂರಿನ ಪೀಣ್ಯ ಸುತ್ತಮುತ್ತ ಇಂಥವು ಹಲವಿವೆ, ತುಮಕೂರು ರಸ್ತೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಂಟಿಐನಲ್ಲೂ ಕೇಳಬಹುದು. ಮಾನ್ಯತೆ ಲ್ಯಾಬ್‌ಗೆ ಇಡಿಯಾಗಿ ಸಿಗುವುದಲ್ಲ, ಒಂದೊಂದು ಪರೀಕ್ಷೆಗೆ ಸಿಗುವುದು. ನಿಮಗೆ ಬೇಕಾದ ಪರೀಕ್ಷೆ ಅವರ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ.

ಕತ್ತರಿಸುವ ಮುನ್ನ ಮಾಡಿಕೊಟ್ಟವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆಯಿರಿ: ಇಂಥ ದಿನ, ಇಂಥ ಲ್ಯಾಬ್‌ನಲ್ಲಿ ತುಂಡು ಕತ್ತರಿಸುತ್ತೇವೆ, ಬನ್ನಿ ಅಥವಾ ಯಾರನ್ನಾದರೂ ಕಳಿಸಿ. ಅವರು ಬರದಿದ್ದರೂ ಪತ್ರದ ರಸೀದಿ ನಿಮ್ಮ ಕೈಯಲ್ಲಿರುತ್ತದೆ. ಮುರಿದ ಎರಡು ಮುಖಗಳಲ್ಲಿ ಒಂದನ್ನು ಕತ್ತರಿಸದೆ ಸೀಲ್ ಮಾಡಿ ಇಟ್ಟುಕೊಳ್ಳಿ. ಹೇಳದೆ ಕೇಳದೆ ಎರಡನ್ನೂ ಪುಡಿ ಮಾಡಿಸಿದರೆ ‘ಅದು ನಮ್ಮ ಶಾಫ್ಟೇ ಅಲ್ಲ’ ಎಂಬ ಉತ್ತರ ಕಾದಿರುತ್ತದೆ. ಮಾತುಕತೆಯಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನಂತೆ ಪರೀಕ್ಷೆಯಿಲ್ಲದೆ ದೋಷ ತಿಳಿಯದ ವಸ್ತುವನ್ನು ಆಯೋಗವೇ ಸೀಲ್ ಮಾಡಿ ಲ್ಯಾಬ್‌ಗೆ ಕಳಿಸಬಲ್ಲದು, 45 ದಿನದೊಳಗೆ ವರದಿ ಕೇಳಬಲ್ಲದು. ಶುಲ್ಕ ದೂರುದಾರ ಕಟ್ಟಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡ ಯಂತ್ರ ಎಂದು ಆಕ್ಷೇಪ ಬರುತ್ತದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡದ್ದಕ್ಕೆ ಕಾಯ್ದೆ ವಿನಾಯಿತಿ ಕೊಡುತ್ತದೆ, ಅದನ್ನು ದೂರಿನಲ್ಲೇ ಬರೆಯಿರಿ. ಗಡುವು ಎರಡು ವರ್ಷ.

ಇನ್ನು ಬೆಸೆಯುವ ಮಾತು. ಇಎನ್ 8ರ ಕಾರ್ಬನ್ 0.40ಕ್ಕೆ ಮ್ಯಾಂಗನೀಸ್ 0.80ರ ಆರನೇ ಒಂದು ಭಾಗ ಕೂಡಿಸಿದರೆ ಕಾರ್ಬನ್ ಸಮಾನಾಂಕ 0.53, ಬೆಸೆದಾಗ ಉಕ್ಕು ಎಷ್ಟು ಪೆಡಸಾಗುತ್ತದೆಂದು ಸೂಚಿಸುವ ಅಂಕಿ ಅದು. 0.45 ದಾಟಿದ ಉಕ್ಕನ್ನು ತಣ್ಣಗಿರುವಾಗ ಬೆಸೆದರೆ ಬಿರಿಯುತ್ತದೆ. ಕನಿಷ್ಠ 150ರಿಂದ 200 ಡಿಗ್ರಿಗೆ ಕಾಯಿಸಿ, 300ರಿಂದ 350 ಡಿಗ್ರಿ ಓವನ್‌ನಲ್ಲಿ ಒಣಗಿಸಿದ 7018 ಎಲೆಕ್ಟ್ರೋಡ್ ಹಾಕಿ, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನ ಆರಿಸಬೇಕು. ಇಷ್ಟೆಲ್ಲ ಮಾಡಿದರೂ ಆ ಜೋಡಣೆ ಕೂರುವುದು ಒತ್ತಡ ಅತಿ ಹೆಚ್ಚಿರುವ ಜಾಗದಲ್ಲೇ. ಬೇಡ.

ಹೊಸ ಶಾಫ್ಟೇ ಹಾಕಿಸಿ. 75 ಬದಲು 80 ಮಿ.ಮೀ. ಮಾಡಿದರೆ ಒತ್ತಡ ಸುಮಾರು ಶೇಕಡಾ 18 ಇಳಿಯುತ್ತದೆ, ಆದರೆ ಬುಷ್, ಹೌಸಿಂಗ್ ಎರಡೂ ಬದಲಾಗಬೇಕು, ಮೆಟ್ಟಿಲು ಗಿಡ್ಡವಾಗಿ ಮೂಲೆಯನ್ನು ದೊಡ್ಡದಾಗಿ ದುಂಡಗಿಸಲು ಜಾಗ ಉಳಿಯುವುದಿಲ್ಲ. 75ರಲ್ಲೇ ಉಳಿದು ಮೂಲೆಗೆ 5 ಮಿ.ಮೀ. ಗುಂಡು ಕೊಟ್ಟು, ಅದು ಹೊಂದಲು ಬುಷ್ಷಿನ ಅಂಚನ್ನು 6 ಮಿ.ಮೀ. ಓರೆಯಾಗಿ ಕೆತ್ತಿಸಿದರೆ (ಚಾಂಫರ್) ಖರ್ಚಿಲ್ಲದೆ ಅದಕ್ಕಿಂತ ಹೆಚ್ಚು ಲಾಭ. ಮೂಲೆಯಲ್ಲಿ ಟೂಲ್ ಗೀರು ಉಳಿಯದಂತೆ ಎಮರಿ ಹಾಕಲಿ, ಶಾಫ್ಟಿನ ಉದ್ದಕ್ಕೆ ಹಾಕಲಿ. ಅದನ್ನು ಕೂರಿಸುವ ಮುನ್ನ ಕೆಳಗಿನ ಎರಡು ರೋಲರ್‌ಗಳ ಶಾಫ್ಟ್ ಕೂಡ ಬಿಚ್ಚಿ ಅದೇ ಮೆಟ್ಟಿಲುಗಳಿಗೆ ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣ, ಡೈ ಪೆನೆಟ್ರೆಂಟ್, ಸಿಂಪಡಿಸಿ ನೋಡಿ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್ ಎಂದು ಮೂರು ಡಬ್ಬಿ, ಬಣ್ಣ ಇಳಿಯಲು 10ರಿಂದ 20 ನಿಮಿಷ, ಬಿಳಿಯ ಮೇಲೆ ಕೆಂಪು ಗೆರೆ ಮೂಡಲು ಇನ್ನೊಂದು 10 ನಿಮಿಷ. ಒಂದೇ ಕೈ ತಿರುವಿದ ಶಾಫ್ಟ್‌ಗಳು ಅವು, ಅಷ್ಟೇ ಸುತ್ತು ತಿರುಗಿವೆ. ಮತ್ತೆ, ಹೊಸ ಶಾಫ್ಟ್ ತೆಗೆದ ಸರಳಿನಿಂದಲೇ 100 ಮಿ.ಮೀ. ತುಂಡೊಂದನ್ನು ಕೇಳಿ ತಂದು, ಬಿಲ್ ನಂಬರ್ ಪಂಚ್ ಮಾಡಿಸಿ, ಎಣ್ಣೆ ಸವರಿ ಆಲೆಮನೆ ಅಟ್ಟದ ಮೇಲಿಡಿ.